ಗ್ಯಾರೇಜ್ ಕಟ್ಟೆ: ಹಳೆ ಕಾರಿನ ಮುಂದಿನ ಗಾಲಿ

ಹಳೆ ಕಾರಿನ ಮುಂದಿನ ಗಾಲಿ, ಸ್ಟೇರಿಂಗ್ ಬಗ್ಗೆ ಪ್ರಶ್ನೆ ಕಳಿಸಿ ಅಂತ ಹೋದ ಸಂಚಿಕೆಯಲ್ಲಿ ಕೇಳಿದ್ದೆ. ಬೀದರ್, ಸೇಡಂ, ಸುರಪುರದಿಂದೆಲ್ಲ ಪತ್ರ ಬಂದಿವೆ. ಕಲಬುರಗಿಯ ಹುಮನಾಬಾದ್ ರಸ್ತೆಯಲ್ಲಿ ಮೂವತ್ತೆರಡು ವರ್ಷದಿಂದ ಗ್ಯಾರೇಜ್ ನಡೆಸುತ್ತಿದ್ದೇನೆ. ದಿನಾ ಬರುವುದು ಹೊಸ ಗಾಡಿಗಳೇ. ಆದರೆ ಹಳೆ ಕಾರು ಒಂದು ಅಂಗಳಕ್ಕೆ ಬಂದರೆ ಉಳಿದ ಕೆಲಸ ಹುಡುಗರಿಗೆ ಬಿಟ್ಟು ನಾನೇ ಅದರ ಕೆಳಗೆ ಮಲಗುತ್ತೇನೆ. ಈ ಸಲದ ಮೊದಲ ಪತ್ರ ಓದಿ ನನಗೆ ಕಳವಳ ಆಯಿತು. ಅದಕ್ಕೇ ಅದರ ಉತ್ತರ ಉದ್ದ ಇದೆ.

ಪ್ರಶ್ನೆ: ನಮ್ಮ ತಂದೆಯ ಕಾಲದ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರು ಇದೆ. ಎರಡು ವರ್ಷ ದುಡ್ಡು ಕೂಡಿಸಿ ಬಾಡಿ, ಪೇಂಟು, ಎಂಜಿನ್ ಎಲ್ಲ ಮಾಡಿಸಿದೆ. ಗಾಲಿಗಳ ಓರೆ ಹೊಂದಿಸುವ ಕಂಪ್ಯೂಟರ್ ಅಲೈನ್‌ಮೆಂಟ್ ಎರಡು ಸಲ ಆಯಿತು. ಆದರೂ 60 ದಾಟಿದರೆ ಕಾರು ರಸ್ತೆಯ ಮೇಲೆ ಅತ್ತ ಇತ್ತ ಹೋಗುತ್ತದೆ. ತಿರುವು ಮುಗಿದ ಮೇಲೆ ಸ್ಟೇರಿಂಗ್ ತಾನಾಗಿ ನೇರ ಆಗುವುದಿಲ್ಲ, ಕೈಯಿಂದಲೇ ತರಬೇಕು. ಮೂರನೇ ಸಲ ಅಲೈನ್‌ಮೆಂಟ್ ಮಾಡಿಸಲಾ?
— ಬೀದರ್‌ನ ಓದುಗರು

ಉತ್ತರ: ಬೇಡ ಅಣ್ಣಾ. ಮೂರನೇ ಸಲ ಮಾಡಿಸಬೇಡಿ. ಈ ಪತ್ರ ಓದಿದ ತಕ್ಷಣ ಕಾರನ್ನು ರಸ್ತೆಗೆ ತೆಗೆಯುವುದನ್ನೇ ನಿಲ್ಲಿಸಿ. ಮುಂದಿನ ಗಾಲಿಗಳ ಕೆಳಗಿನ ಕೀಲು, ಎರಡೂ ಟ್ರನಿಯನ್, ಬಿಚ್ಚಿಸಿ ನೋಡಿದ ಮೇಲೆ ಓಡಿಸಿ.

ಯಾಕೆ ಅಂತ ಹೇಳುತ್ತೇನೆ. ಹೆರಾಲ್ಡ್ 1959ರಲ್ಲಿ ಇಂಗ್ಲೆಂಡಿನಲ್ಲಿ ಟ್ರಯಂಫ್ ಹೆಸರಿನಲ್ಲಿ ಬಂದ ಕಾರು. 1961ರಿಂದ ಮದ್ರಾಸಿನಲ್ಲಿ ಸ್ಟ್ಯಾಂಡರ್ಡ್ ಹೆಸರಿನಲ್ಲಿ ತಯಾರಾಯಿತು. ಇದರ ಮುಂದಿನ ಗಾಲಿಗಳನ್ನು ಹಿಡಿದಿರುವ ಸಸ್ಪೆನ್ಶನ್ ಮೇಲೆಯೇ ಟ್ರಯಂಫ್‌ನವರು ಸ್ಪಿಟ್‌ಫೈರ್ ಎಂಬ ಸ್ಪೋರ್ಟ್ಸ್ ಕಾರು ಕಟ್ಟಿದರು. ಅಂದರೆ ನಿಮ್ಮ ಮನೆಯ ಕಾರಿನ ಮುಂಭಾಗ ಒಂದು ಸ್ಪೋರ್ಟ್ಸ್ ಕಾರಿನ ಮುಂಭಾಗವೇ. ಅದನ್ನು ಸರಿಯಾಗಿ ಇಟ್ಟರೆ ಕೈಗೆ ಎಂಥ ಹಗುರ! 25 ಅಡಿ ಜಾಗದಲ್ಲಿ ಪೂರ್ತಿ ಸುತ್ತು ಹೊಡೆಯುತ್ತದೆ. ನಮ್ಮ ಸೂಪರ್ ಮಾರ್ಕೆಟ್ ಗಲ್ಲಿಯಲ್ಲಿ ಆಟೋ ತಿರುಗಿದ ಹಾಗೆ ತಿರುಗುತ್ತದೆ.

ಇದರ ಗಾಲಿ ತಿರುಗುವುದು ಎರಡು ಜಾಗದ ಮೇಲೆ. ಮೇಲೆ ಬಾಲ್ ಜಾಯಿಂಟ್. ಕೆಳಗೆ ಟ್ರನಿಯನ್. ಟ್ರನಿಯನ್ ಅಂದರೆ ಒಳಗೆ ಚೂಡಿ (ಸ್ಕ್ರೂವಿನ ಹಾಗೆ ಸುರುಳಿ ಗೆರೆ) ಇರುವ ಒಂದು ಹಿತ್ತಾಳೆ ಬಣ್ಣದ ಲೋಹದ ಮುದ್ದೆ. ಗಾಲಿ ಹಿಡಿದಿರುವ ಕಂಬದ ತುದಿಯಲ್ಲೂ ಚೂಡಿ ಇರುತ್ತದೆ. ನೀವು ಸ್ಟೇರಿಂಗ್ ತಿರುಗಿಸಿದಾಗ ಬೋಲ್ಟು ನಟ್ಟಿನಲ್ಲಿ ತಿರುಗಿದ ಹಾಗೆ ಆ ಕಂಬ ಟ್ರನಿಯನ್ನಿನಲ್ಲಿ ತಿರುಗುತ್ತದೆ. ಎಡಕ್ಕೆ ಒಂದು ಚೂಡಿ, ಬಲಕ್ಕೆ ಉಲ್ಟಾ ಚೂಡಿ. ಅದಲು ಬದಲು ಆಗುವುದಿಲ್ಲ. ಈ ಚೂಡಿಗೆ ಬೇಕಾದದ್ದು ಗೇರ್ ಆಯಿಲ್, 90 ನಂಬರಿನದು. ಗ್ರೀಸ್ ಅಲ್ಲ. ಗ್ರೀಸ್ ಕೆಳಗಿನವರೆಗೆ ಇಳಿಯುವುದಿಲ್ಲ, ಬಾಯಲ್ಲೇ ಗಟ್ಟಿಯಾಗಿ ಕೂರುತ್ತದೆ. ಅದರ ಕೆಳಗೆ ನೀರು ನಿಂತು ತುಕ್ಕು ಹಿಡಿಯುತ್ತದೆ. ಆದರೆ ನಮ್ಮ ಗ್ಯಾರೇಜುಗಳಲ್ಲಿ ಯಾವ ನಿಪ್ಪಲ್ ಕಂಡರೂ ಗ್ರೀಸ್ ಗನ್ ಹಚ್ಚುವ ಅಭ್ಯಾಸ.

ಇಪ್ಪತ್ತು ವರ್ಷದ ಹಿಂದಿನ ಮಾತು. ಒಬ್ಬರು ತಮ್ಮ ಹೆರಾಲ್ಡನ್ನು ನನ್ನ ಗೇಟಿನೊಳಗೆ ತಿರುಗಿಸುತ್ತಿದ್ದರು. ನಡೆಯುವ ವೇಗ, ಅಷ್ಟೇ. ಟಕ್ ಅಂತ ಒಂದು ಸದ್ದು. ಬಲಗಾಲಿ ಮಡ್‌ಗಾರ್ಡಿನ ಒಳಗೆ ಮಲಗಿಬಿಟ್ಟಿತು, ಮೂತಿ ನೆಲಕ್ಕೆ ಬಂತು. ಬಿಚ್ಚಿ ನೋಡಿದರೆ ಕಂಬ ಚೂಡಿಯ ಜಾಗದಲ್ಲಿ ತುಂಡಾಗಿದೆ. ಮುರಿದ ಮುಖವನ್ನು ಸೀಮೆಎಣ್ಣೆಯಲ್ಲಿ ತೊಳೆದೆ. ಮುಕ್ಕಾಲು ಭಾಗ ಕಪ್ಪು, ಹಳೆ ತುಕ್ಕು. ಅಂಚಿನ ಒಂದು ಚೂರು ಮಾತ್ರ ಬೆಳ್ಳಗೆ ಹೊಳೆಯುತ್ತಿತ್ತು. ಅಂದರೆ ಅದು ಅವತ್ತು ಮುರಿದದ್ದಲ್ಲ. ಎಷ್ಟೋ ದಿನದಿಂದ ಬಿರುಕು ಬೆಳೆಯುತ್ತಾ ಬಂದಿತ್ತು. ಆ ಬೆಳ್ಳಗಿನ ಚೂರಿನ ಮೇಲೆ ಆ ಮನೆಯವರೆಲ್ಲ ಕೂತು ಗಾಣಗಾಪುರಕ್ಕೆ ಹೋಗಿ ಬಂದಿದ್ದರು. ಆ ತುಂಡು ಇವತ್ತಿಗೂ ನನ್ನ ಮೇಜಿನ ಮೇಲೆ ಇದೆ. ಹೊಸ ಹುಡುಗ ಕೆಲಸಕ್ಕೆ ಸೇರಿದರೆ ಮೊದಲು ಅದನ್ನೇ ಕೈಗೆ ಕೊಡುತ್ತೇನೆ.

ಸ್ಟೇರಿಂಗ್ ತಾನಾಗಿ ವಾಪಸ್ ಬರುತ್ತಿಲ್ಲ ಅಂತ ನೀವು ಬರೆದಿದ್ದೀರಿ, ಅಲ್ವಾ? ಅದು ಟ್ರನಿಯನ್ ಬಿಗಿ ಹಿಡಿದ ಲಕ್ಷಣ ಇರಬಹುದು. ಪರೀಕ್ಷೆ ಸುಲಭ. ಮುಂದಿನ ಎರಡೂ ಗಾಲಿ ಎತ್ತಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ. ಜಾಕ್ ಮೇಲೆ ಅಲ್ಲ, ಸ್ಟ್ಯಾಂಡಿನ ಮೇಲೆ. ಎರಡೂ ಕಡೆ ಟೈ ರಾಡ್ ಎಂಡ್, ಅಂದರೆ ಸ್ಟೇರಿಂಗಿನಿಂದ ಗಾಲಿಗೆ ಬರುವ ಸರಳಿನ ತುದಿ, ಬಿಡಿಸಿ. ಈಗ ಒಂದೊಂದೇ ಗಾಲಿಯನ್ನು ಕೈಯಿಂದ ತಿರುಗಿಸಿ. ಎರಡೂ ಒಂದೇ ಸಮ ಹಗುರವಾಗಿ ಈ ತುದಿಯಿಂದ ಆ ತುದಿಗೆ ಹೋಗಬೇಕು. ಒಂದು ಕಡೆ ಗಟ್ಟಿ ಬಂದರೆ ಅಲ್ಲೇ ರೋಗ. ಬಿಚ್ಚಿ, ಚೂಡಿ ತೊಳೆದು, ಬಿರುಕು ನೋಡಿ. ಚೂಡಿಯ ಮೇಲೆ ತುಕ್ಕು ಕಚ್ಚಿದ ಗುಳಿ ಕಂಡರೆ ಮರುಮಾತಿಲ್ಲದೆ ಕಂಬ ಬದಲಿಸಿ.

ಟೈ ರಾಡ್ ವಾಪಸ್ ಹಾಕಿದ ಮೇಲೆ ಲೂಸ್ ನೋಡಿ. ಗಾಲಿಯನ್ನು ಗಡಿಯಾರ ಅಂದುಕೊಳ್ಳಿ. 12 ಮತ್ತು 6ರ ಜಾಗದಲ್ಲಿ ಹಿಡಿದು ಅಲ್ಲಾಡಿಸಿ. ಅಲ್ಲಾಡಿದರೆ ಬೇರಿಂಗ್, ಬಾಲ್ ಜಾಯಿಂಟ್ ಅಥವಾ ಟ್ರನಿಯನ್. ಒಬ್ಬರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ. ಆಗ ಲೂಸ್ ನಿಂತರೆ ಅದು ಬೇರಿಂಗಿನದು. 9 ಮತ್ತು 3ರಲ್ಲಿ ಹಿಡಿದು ಅಲ್ಲಾಡಿಸಿದರೆ ಟೈ ರಾಡ್ ಎಂಡ್, ಅದಕ್ಕೆ ಸ್ಟೇರಿಂಗ್ ತಿರುವು ಮುಟ್ಟಿಸುವ ಹಲ್ಲಿನ ಸರಳಾದ ಸ್ಟೇರಿಂಗ್ ರ್‍ಯಾಕ್, ರ್‍ಯಾಕ್ ಹಿಡಿದಿರುವ ರಬ್ಬರ್ ತಿಳಿಯುತ್ತದೆ. ಹೆರಾಲ್ಡಿನಲ್ಲಿ ಆ ರಬ್ಬರ್ ಮೆತ್ತಗಾಗಿ ಇಡೀ ರ್‍ಯಾಕ್ ಎಡಕ್ಕೂ ಬಲಕ್ಕೂ ಸರಿಯುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಕಾರು ಅತ್ತ ಇತ್ತ ಹೋಗುವುದಕ್ಕೆ ಅದೊಂದೇ ಸಾಕು.

ಕಂಪ್ಯೂಟರಿನದು ತಪ್ಪಿಲ್ಲ. ಅದು ನಿಂತ ಕಾರನ್ನು ಅಳೆಯುತ್ತದೆ. ಲೂಸ್ ಇರುವ ಕಾರು ನಿಂತಾಗ ಒಂದು ಕಡೆ ಇರುತ್ತದೆ, ಓಡುವಾಗ ಇನ್ನೊಂದು ಕಡೆ. ಕಾಗದದಲ್ಲಿ ಎಲ್ಲ ಹಸಿರು ಬಂದರೂ ರಸ್ತೆಯಲ್ಲಿ ಆ ಅಳತೆ ಉಳಿಯುವುದಿಲ್ಲ. ಇನ್ನೊಂದು ವಿಷಯ. ಮೆಷಿನ್ನಿನ ಪಟ್ಟಿಯಲ್ಲಿ ಹೆರಾಲ್ಡ್ ಇಲ್ಲದಿದ್ದರೆ ಹುಡುಗರು ಯಾವುದೋ ಹೊಸ ಕಾರಿನ ಹೆಸರು ಒತ್ತಿ ಕೆಲಸ ಮುಗಿಸುತ್ತಾರೆ. ಮುಂದಿನ ಸಲ ಹೋಗುವಾಗ ಅಳತೆಯನ್ನು ನೀವೇ ಬರೆದುಕೊಂಡು ಹೋಗಿ.

ಲೂಸ್ ಎಲ್ಲ ಹೋದ ಮೇಲೆ ಅಳತೆ. ಇದಕ್ಕೂ ಕ್ರಮ ಇದೆ. ಸೀಟಿನ ಮೇಲೆ ತೂಕ ಹೇರಿ ಅಳೆಯಬೇಕು ಅಂತ ಟ್ರಯಂಫ್‌ನವರ ಲೆಕ್ಕ, ಮುಂದಿನ ಒಂದೊಂದು ಸೀಟಿಗೆ ಸುಮಾರು 68 ಕೆಜಿ. ನಾನು 50 ಕೆಜಿಯ ತೊಗರಿ ಬೇಳೆ ಚೀಲ ಒಂದಿಟ್ಟು, ಮೇಲೆ ಸಣ್ಣ ಚೀಲ ಇಡುತ್ತೇನೆ. ಗಾಲಿ ಹಿಡಿದಿರುವ ಕೆಳಗಿನ ತೋಳು, ಅಂದರೆ ವಿಶ್‌ಬೋನ್, ಚಾಸಿಗೆ ಕೂರುವ ಜಾಗದಲ್ಲಿ ತೆಳು ತಗಡಿನ ಶಿಮ್ ಇರುತ್ತವೆ. ಮುಂದಿನ ಮತ್ತು ಹಿಂದಿನ ಬ್ರಾಕೆಟ್ಟಿಗೆ ಸಮ ಶಿಮ್ ಸೇರಿಸಿದರೆ ಗಾಲಿಯ ಬುಡ ಹೊರಗೆ ಹೋಗುತ್ತದೆ, ತಲೆ ಒಳಗೆ ವಾಲುತ್ತದೆ. ಈ ವಾಲುವಿಕೆಯೇ ಕ್ಯಾಂಬರ್. ಹಿಂದಿನ ಬ್ರಾಕೆಟ್ಟಿಗೆ ಮಾತ್ರ ಸೇರಿಸಿದರೆ ಗಾಲಿಯ ಬುಡ ಚೂರು ಮುಂದಕ್ಕೆ ಬರುತ್ತದೆ, ಕ್ಯಾಸ್ಟರ್, ಅಂದರೆ ಗಾಲಿ ಹಿಡಿದ ಕಂಬದ ತಲೆ ಹಿಂದಕ್ಕೆ ವಾಲಿರುವ ಅಳತೆ, ಜಾಸ್ತಿ ಆಗುತ್ತದೆ. ಸ್ಟೇರಿಂಗ್ ನೇರಕ್ಕೆ ವಾಪಸ್ ತರುವುದರಲ್ಲಿ ಈ ಕ್ಯಾಸ್ಟರಿನ ಪಾಲು ದೊಡ್ಡದು. ಇವೆರಡೂ ಸರಿಯಾದ ಮೇಲೆಯೇ ಟೋ. ಮುಂದಿನ ಎರಡೂ ಗಾಲಿಯ ಮೂತಿ ಒಳಕ್ಕೆ ತಿರುಗಿದ್ದರೆ ಟೋ-ಇನ್, ಹೊರಕ್ಕಾದರೆ ಟೋ-ಔಟ್. ಯಾಕೆಂದರೆ ಕ್ಯಾಂಬರ್, ಕ್ಯಾಸ್ಟರ್ ಮುಟ್ಟಿದರೆ ಟೋ ತಾನಾಗಿ ಬದಲಾಗುತ್ತದೆ. ಟೋ-ಇನ್ ಸೊನ್ನೆಯಿಂದ 1.6 ಮಿ.ಮೀ. ಒಳಗೆ ಇರಲಿ. ರೇಡಿಯಲ್ ಟೈರ್ ಹಾಕಿದ್ದರೆ ಸೊನ್ನೆಯ ಹತ್ತಿರ ಇಡುವುದು ನನ್ನ ಪದ್ಧತಿ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ಮನೆಯಲ್ಲಿ ಪ್ರೀಮಿಯರ್ ಪದ್ಮಿನಿ ಇದೆ. ಟೋ-ಇನ್ ಅನ್ನು ಮನೆಯಲ್ಲೇ ದಾರ ಕಟ್ಟಿ ಅಳೆಯಬಹುದು ಅಂತ ಕೇಳಿದ್ದೇನೆ. ನಿಜವಾ? ಹೇಗೆ?
— ಸೇಡಂನ ಓದುಗರು

ಉತ್ತರ: ನಿಜ ಮಾಸ್ತರರೇ. ನನ್ನ ಉಸ್ತಾದರು ಜೀವಮಾನವಿಡೀ ದಾರದಲ್ಲೇ ಅಳೆದರು. ಸಮಾಧಾನ ಇರುವವರಿಗೆ ಇದು ಒಳ್ಳೆಯ ಕೆಲಸ.

ಜಾಗ ಮೊದಲು. ನೀವಿರುವ ಕಡೆ ಅನುಕೂಲ ಇದೆ, ಮನೆ ಮುಂದೆ ಶಹಾಬಾದ್ ಕಲ್ಲು ಹಾಸಿರುತ್ತೀರಿ. ಆದರೆ ಕಲ್ಲು ಕೆಳಗೆ ಎರೆ ಮಣ್ಣು ಇದ್ದರೆ ಮಳೆಗಾಲಕ್ಕೆ ಉಬ್ಬಿ ಬೇಸಿಗೆಗೆ ಇಳಿಯುತ್ತದೆ. ಕಣ್ಣಿಗೆ ಸಮ ಕಂಡರೂ ನಂಬಬೇಡಿ. ಗವಂಡಿಗಳು ಬಳಸುವ ನೀರಿನ ಪೈಪ್ ತಂದು ನಾಲ್ಕೂ ಗಾಲಿಯ ಜಾಗದ ಮಟ್ಟ ನೋಡಿ. ಟೋ ಅಳೆಯಲು ಅಷ್ಟು ಮಟ್ಟ ಬೇಕಾಗಿಲ್ಲ, ಕ್ಯಾಂಬರಿಗೆ ಬೇಕೇ ಬೇಕು. ಎರಡು ಗಾಲಿಯ ನಡುವೆ 1.2 ಮೀಟರ್ ಅಂತರ ಹಿಡಿಯಿರಿ. ಒಂದು ಕಡೆ ನೆಲ 5 ಮಿ.ಮೀ. ಎತ್ತರ ಇದ್ದರೆ ಕ್ಯಾಂಬರ್ ಅಳತೆಯಲ್ಲಿ ಸುಮಾರು ಕಾಲು ಡಿಗ್ರಿ ಸುಳ್ಳು ಬರುತ್ತದೆ. ತಗ್ಗು ಇದ್ದಲ್ಲಿ ತಗಡು ಇಟ್ಟು ಸಮ ಮಾಡಿಕೊಳ್ಳಿ.

ಬೆಳಿಗ್ಗೆ ತಂಪು ಹೊತ್ತಿನಲ್ಲಿ ಗಾಳಿ ಸಮ ಮಾಡಿ. ಮೇ ತಿಂಗಳ ಮಧ್ಯಾಹ್ನ ನಮ್ಮ ಬಿಸಿಲಿಗೆ ನಿಂತ ಟೈರಿನ ಗಾಳಿ ಅಳೆದರೆ ಲೆಕ್ಕ ತಪ್ಪುತ್ತದೆ. ಸ್ಟೇರಿಂಗ್ ನೇರ ಮಾಡಿ, ತಿರುಗದ ಹಾಗೆ ಸೀಟಿಗೆ ಕೋಲು ಕೊಟ್ಟು ಕಟ್ಟಿ. ಕಾರನ್ನು ಕೈಯಿಂದ ಐದಾರು ಅಡಿ ಮುಂದಕ್ಕೆ ತಳ್ಳಿ ನಿಲ್ಲಿಸಿ. ಹಿಂದಕ್ಕೆ ತಳ್ಳಬಾರದು. ಹಿಂದಕ್ಕೆ ಹೋದರೆ ಕೀಲುಗಳಲ್ಲಿರುವ ಬುಷ್ ಎಲ್ಲ ಉಲ್ಟಾ ಎಳೆದುಕೊಂಡು ಅಳತೆ ಕೆಡುತ್ತದೆ.

ಈಗ ನಾಲ್ಕು ಸ್ಟ್ಯಾಂಡ್ ಇಟ್ಟು ಕಾರಿನ ಎರಡೂ ಪಕ್ಕ ಗಾಲಿಯ ನಡುವಿನ ಹಬ್‌ನ ಎತ್ತರಕ್ಕೆ ನೈಲಾನ್ ದಾರ ಬಿಗಿಯಾಗಿ ಕಟ್ಟಿ. ಎರಡು ದಾರದ ನಡುವಿನ ಅಂತರ ಕಾರಿನ ಮುಂದೆಯೂ ಹಿಂದೆಯೂ ಒಂದೇ ಇರಬೇಕು. ಎಡ ಮುಂದಿನ ಹಬ್‌ನಿಂದ ದಾರಕ್ಕೆ ಎಷ್ಟೋ, ಬಲ ಮುಂದಿನ ಹಬ್‌ನಿಂದಲೂ ಅಷ್ಟೇ ಇರಬೇಕು. ಹಿಂದಿನ ಹಬ್‌ಗಳಿಗೂ ಹಾಗೆಯೇ. ಮುಂದಿನದೂ ಹಿಂದಿನದೂ ಒಂದೇ ಇರಬೇಕಾಗಿಲ್ಲ, ಯಾಕೆಂದರೆ ಎಷ್ಟೋ ಕಾರುಗಳಲ್ಲಿ ಮುಂದಿನ ಗಾಲಿಗಳ ಅಂತರ ಬೇರೆ, ಹಿಂದಿನದು ಬೇರೆ. ಈ ದಾರ ಸರಿಮಾಡುವುದಕ್ಕೇ ಅರ್ಧ ಗಂಟೆ ಹೋಗುತ್ತದೆ. ಅವಸರ ಮಾಡಬೇಡಿ.

ಆಮೇಲೆ ಉಕ್ಕಿನ ಸ್ಕೇಲ್ ಹಿಡಿದು ಮುಂದಿನ ಗಾಲಿಯ ರಿಮ್ಮಿನ ಮುಂದಿನ ಅಂಚಿನಿಂದ ದಾರಕ್ಕೆ ಎಷ್ಟು, ಹಿಂದಿನ ಅಂಚಿನಿಂದ ಎಷ್ಟು ಅಂತ ಬರೆದುಕೊಳ್ಳಿ. ಮುಂದಿನ ಅಂಚು ದಾರದಿಂದ ಜಾಸ್ತಿ ದೂರ ಇದ್ದರೆ ಅದು ಟೋ-ಇನ್. ಎರಡೂ ಗಾಲಿಯದು ಕೂಡಿಸಿ. ಹಳೆ ರಿಮ್ ಬಾಗಿರುತ್ತದೆ, ಅದಕ್ಕೆ ಚಾಕ್‌ಪೀಸಿನಿಂದ ರಿಮ್ಮಿಗೆ ಗುರುತು ಹಾಕಿ. ಕಾರನ್ನು ಅರ್ಧ ಸುತ್ತು ಮುಂದೆ ತಳ್ಳಿ, ದಾರ ಮತ್ತೆ ಸರಿಮಾಡಿ ಇನ್ನೊಮ್ಮೆ ಅಳೆದು ಸರಾಸರಿ ತೆಗೆಯಿರಿ. 1 ಮಿ.ಮೀ. ಅಂದರೆ ಸುಮಾರು ಒಂದು ಡಿಗ್ರಿಯ ಆರನೇ ಒಂದು ಭಾಗ. ಹೊಂದಿಸುವಾಗ ಗಾಲಿಯ ಕೆಳಗೆ ಎರಡು ತಗಡು, ನಡುವೆ ಗ್ರೀಸ್ ಇಡಿ. ಇಲ್ಲದಿದ್ದರೆ ಟೈರ್ ನೆಲ ಕಚ್ಚಿಕೊಂಡು ಅಲುಗಾಡುವುದಿಲ್ಲ.

ದಾರ ಕಟ್ಟುವ ಮೊದಲೇ ಟೈರ್ ನಿಮಗೆ ವಿಷಯ ಹೇಳುತ್ತದೆ. ಟೈರಿನ ಮೇಲೆ ಅಂಗೈಯನ್ನು ಹೊರಗಿನಿಂದ ಒಳಕ್ಕೆ ಸವರಿ, ಆಮೇಲೆ ಒಳಗಿನಿಂದ ಹೊರಕ್ಕೆ. ಒಳಕ್ಕೆ ಹೋಗುವಾಗ ನುಣುಪು, ಹೊರಕ್ಕೆ ಬರುವಾಗ ಗರಗಸದ ಹಾಗೆ ಕೈಗೆ ಚುಚ್ಚಿದರೆ ಟೋ-ಇನ್ ಜಾಸ್ತಿ ಇದೆ. ಉಲ್ಟಾ ಆದರೆ ಟೋ-ಔಟ್. ಒಂದೇ ಅಂಚು ಸವೆದಿದ್ದರೆ ಕ್ಯಾಂಬರ್ ನೋಡಿ. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ, ಅಷ್ಟೇ.

ಪ್ರಶ್ನೆ: ಪದ್ಮಿನಿಗೆ ಅಗಲದ ಅಲಾಯ್ ಗಾಲಿ ಹಾಕಿಸಿದೆ. ನೋಡಲು ಛಲೋ ಕಾಣುತ್ತದೆ. ಆದರೆ ತಗ್ಗು ಬಂದರೆ ಸ್ಟೇರಿಂಗ್ ಕೈಯಿಂದ ಕಿತ್ತುಕೊಳ್ಳುತ್ತದೆ.
— ಕಲಬುರಗಿಯ ಓದುಗರು

ಉತ್ತರ: ಗಾಲಿ ಹೊರಗೆ ಬಂದಿದೆ, ಅದೇ ಕಾರಣ. ಗಾಲಿ ಯಾವ ಗೆರೆಯ ಮೇಲೆ ತಿರುಗುತ್ತದೋ ಆ ಗೆರೆಯನ್ನು ನೆಲದವರೆಗೆ ಎಳೆದ ಹಾಗೆ ಕಲ್ಪಿಸಿಕೊಳ್ಳಿ. ಆ ಗೆರೆ ನೆಲ ಮುಟ್ಟುವ ಜಾಗಕ್ಕೂ ಟೈರಿನ ನಡುಮಧ್ಯಕ್ಕೂ ಇರುವ ಅಂತರವೇ ಸನ್ನೆಕೋಲು. ತಗ್ಗು ಟೈರನ್ನು ಹಿಂದಕ್ಕೆ ಹೊಡೆದಾಗ ಆ ಸನ್ನೆಕೋಲಿನಿಂದ ಸ್ಟೇರಿಂಗ್ ತಿರುಗುತ್ತದೆ. ಕಂಪನಿಯವರು ಗಾಲಿ ತಿರುಗುವ ಗೂಟವಾದ ಕಿಂಗ್ ಪಿನ್ನನ್ನು ಓರೆ ಇಟ್ಟು, ರಿಮ್ಮಿಗೆ, ಹಬ್ಬಿಗೆ ಕೂರುವ ಮುಖ ನಡುಮಧ್ಯದಿಂದ ಹೊರಕ್ಕೆ ಸರಿಯುವ ಹಾಗೆ, ಬೇಕಾದಷ್ಟು ಆಫ್‌ಸೆಟ್ ಕೊಟ್ಟು ಈ ಅಂತರವನ್ನು ಸಣ್ಣದು ಮಾಡಿರುತ್ತಾರೆ. ನಿಮ್ಮ ಹೊಸ ರಿಮ್ 25 ಮಿ.ಮೀ. ಹೊರಗೆ ಕೂತಿದ್ದರೆ ಸನ್ನೆಕೋಲು ಅಷ್ಟೂ ಉದ್ದ ಆಯಿತು. ಯಾವ ಅಲೈನ್‌ಮೆಂಟಿನಿಂದಲೂ ಅದು ಸರಿಯಾಗುವುದಿಲ್ಲ. ಬೇರಿಂಗಿಗೂ ಹೊರೆ. ಹಳೆ 14 ಇಂಚಿನ ರಿಮ್ ಮಾರಿಲ್ಲ ತಾನೇ? ಅದನ್ನೇ ವಾಪಸ್ ಹಾಕಿ. ಅಲಾಯೇ ಬೇಕು ಅಂದರೆ ಆಫ್‌ಸೆಟ್ ಅಳೆದು ತನ್ನಿ.

ಪ್ರಶ್ನೆ: ನಾನು ಎಂಜಿನಿಯರಿಂಗ್ ಎರಡನೇ ವರ್ಷ. ಆ್ಯಕರ್ಮನ್ ಸ್ಟೇರಿಂಗ್ ಪಾಠದಲ್ಲಿ ಇದೆ. ನಿಜವಾದ ಕಾರಿನಲ್ಲಿ ಅದನ್ನು ಕಣ್ಣಾರೆ ನೋಡುವುದು ಹೇಗೆ?
— ಕಲಬುರಗಿಯ ವಿದ್ಯಾರ್ಥಿನಿ

ಉತ್ತರ: ತಂಗೀ, ಈ ಪ್ರಶ್ನೆ ಕೇಳಿದ್ದಕ್ಕೆ ನನಗೆ ತುಂಬ ಸಂತೋಷ. ಕಾರು ತಿರುಗುವಾಗ ಒಳಗಿನ ಗಾಲಿ ಸಣ್ಣ ಸುತ್ತು ಹಾಕುತ್ತದೆ, ಹೊರಗಿನದು ದೊಡ್ಡ ಸುತ್ತು. ಹಾಗಾಗಿ ಒಳಗಿನದು ಜಾಸ್ತಿ ತಿರುಗಬೇಕು. ಅದಕ್ಕೆ ಮಾಡಿದ ಏರ್ಪಾಡೇ ಆ್ಯಕರ್ಮನ್. ಹೆರಾಲ್ಡಿನ ಲೆಕ್ಕ ಹಾಕಿ ನೋಡು. ಮುಂದಿನ ಆಕ್ಸೆಲಿನಿಂದ ಹಿಂದಿನ ಆಕ್ಸೆಲಿಗೆ 2.32 ಮೀಟರ್, ಗಾಲಿಗಳ ಅಂತರ 1.22 ಮೀಟರ್. ಹಿಂದಿನ ಆಕ್ಸೆಲಿನ ಮಧ್ಯದಿಂದ 5 ಮೀಟರ್ ದೂರದಲ್ಲಿ ಸುತ್ತಿನ ಕೇಂದ್ರ ಇಟ್ಟರೆ ಒಳಗಿನ ಗಾಲಿಗೆ ಸುಮಾರು 28 ಡಿಗ್ರಿ, ಹೊರಗಿನದಕ್ಕೆ ಸುಮಾರು 22.5 ಡಿಗ್ರಿ ಬರುತ್ತದೆ. ಐದೂವರೆ ಡಿಗ್ರಿ ವ್ಯತ್ಯಾಸ ಸಣ್ಣದಲ್ಲ.

ಇದನ್ನು ಹೊಳೆಸಿದವನು ಮ್ಯೂನಿಕ್‌ನ ಸಾರೋಟು ಮಾಡುವ ಗೇಯೋರ್ಗ್ ಲಾಂಕೆನ್‌ಸ್ಪೆರ್ಗರ್. ಅವನ ಪರವಾಗಿ ಲಂಡನ್ನಿನಲ್ಲಿ 1818ರಲ್ಲಿ ಪೇಟೆಂಟ್ ತೆಗೆದವನು ರುಡಾಲ್ಫ್ ಆ್ಯಕರ್ಮನ್. ಹೆಸರು ಪೇಟೆಂಟ್ ತೆಗೆದವನದೇ ನಿಂತಿತು. ಪರೀಕ್ಷೆಯಲ್ಲಿ ಲಾಂಕೆನ್‌ಸ್ಪೆರ್ಗರ್ ಹೆಸರನ್ನೂ ಬರಿ, ಪಾಪ.

ನೋಡಬೇಕು ಅಂದರೆ ಯಾವುದಾದರೂ ಹಳೆ ಜೀಪಿನ ಕೆಳಗೆ ಬಗ್ಗು. ಕಿಂಗ್ ಪಿನ್ನಿನಿಂದ ಟೈ ರಾಡ್ ಎಂಡಿಗೆ ಹೋಗುವ ತೋಳು ನೇರ ಇರುವುದಿಲ್ಲ, ಒಳಕ್ಕೆ ಓರೆ ಇರುತ್ತದೆ. ಎರಡೂ ತೋಳಿನ ಗೆರೆಯನ್ನು ಹಿಂದಕ್ಕೆ ಎಳೆದರೆ ಹಿಂದಿನ ಆಕ್ಸೆಲಿನ ಮಧ್ಯದ ಹತ್ತಿರ ಕೂಡುತ್ತವೆ. ಆ ಓರೆಯಿಂದಲೇ ಒಳಗಾಲಿ ಜಾಸ್ತಿ ತಿರುಗುತ್ತದೆ. ಗ್ಯಾರೇಜಿಗೆ ಬಾ, ನೆಲದ ಮೇಲೆ ಚಾಕ್‌ಪೀಸಿನಲ್ಲಿ ಗೆರೆ ಎಳೆದು ತೋರಿಸುತ್ತೇನೆ. ಗೆಳತಿಯರನ್ನೂ ಕರೆದುಕೊಂಡು ಬಾ.

ಪ್ರಶ್ನೆ: ಹೈದರಾಬಾದಿನಲ್ಲಿರುವ ನನ್ನ ತಮ್ಮ ಹಳೆಯ ಎಂಜಿಬಿ ಸ್ಪೋರ್ಟ್ಸ್ ಕಾರು ಕೊಂಡಿದ್ದಾನೆ. ಎಡಗಾಲಿಯ ತಲೆ ಒಳಗೆ ವಾಲಿದೆ. ಅಲೈನ್‌ಮೆಂಟಿನವರು ಕ್ಯಾಂಬರ್ ಹೊಂದಿಸಲು ಬರುವುದೇ ಇಲ್ಲ ಅನ್ನುತ್ತಾರೆ. ಸುಮ್ನೆ ಹೇಳುತ್ತಿದ್ದಾರಾ?
— ಹುಮನಾಬಾದಿನ ಓದುಗರು

ಉತ್ತರ: ಅವರು ಹೇಳಿದ್ದು ಖರೇ. ಎಂಜಿಬಿಯಲ್ಲಿ ಕ್ಯಾಂಬರಿಗೂ ಕ್ಯಾಸ್ಟರಿಗೂ ಶಿಮ್ ಇಲ್ಲ, ಸ್ಕ್ರೂ ಇಲ್ಲ. ಕ್ಯಾಸ್ಟರ್ 7 ಡಿಗ್ರಿ. ಅದು ಮುಂದಿನ ಸಸ್ಪೆನ್ಶನ್ ಹೊರುವ ಅಡ್ಡ ತೊಲೆಯಾದ ಕ್ರಾಸ್ ಮೆಂಬರಿನಲ್ಲೇ ಕೂತಿದೆ. ಹೊಂದಿಸಲು ಬರುವುದು ಟೋ ಮಾತ್ರ, ಟೋ-ಇನ್ 1.6ರಿಂದ 2.4 ಮಿ.ಮೀ. ಹಾಗಾಗಿ ಒಂದು ಗಾಲಿ ವಾಲಿದೆ ಅಂದರೆ ಏನೋ ಸವೆದಿದೆ ಅಥವಾ ಬಾಗಿದೆ. ಕೆಳಗಿನ ತೋಳಿನ ಬುಷ್ ಮೊದಲು ನೋಡಲಿ. ಆಮೇಲೆ ಶಾಕ್ ಅಬ್ಸಾರ್ಬರ್. ಈ ಕಾರಿನಲ್ಲಿ ಶಾಕ್ ಅಬ್ಸಾರ್ಬರಿನ ತೋಳೇ ಮೇಲಿನ ವಿಶ್‌ಬೋನ್. ಅದರ ಶಾಫ್ಟ್ ಸವೆದು ಅಲ್ಲಾಡಿದರೆ ಗಾಲಿಯೂ ಅಲ್ಲಾಡುತ್ತದೆ. ಎಣ್ಣೆ ಸೋರುತ್ತಿದ್ದರೆ ಅಲ್ಲೇ ಅನುಮಾನ ಪಡಿ. ಇವೆರಡೂ ಸರಿ ಇದ್ದರೆ ಎಂದೋ ಗುದ್ದಿಸಿದ ಕಾರು ಅಂತ ತಿಳಿದು ಕ್ರಾಸ್ ಮೆಂಬರ್ ಅಳೆಸಲಿ.

ಪ್ರಶ್ನೆ: ನಮ್ಮ ಹೊಲದ ಹಳೆ ಜೀಪು 50ರ ವೇಗದಲ್ಲಿ ಒಂದು ತಗ್ಗು ಹಾರಿದರೆ ಮುಂದಿನ ಗಾಲಿಗಳು ಗಡಗಡ ನಡುಗುತ್ತವೆ. ನಿಲ್ಲಿಸಿದರೇ ನಿಲ್ಲುವುದು. ನಡುಕ ತಡೆಯುವ ಸ್ಟೇರಿಂಗ್ ಡ್ಯಾಂಪರ್ ಹಾಕಿಸು ಅನ್ನುತ್ತಾರೆ.
— ಸುರಪುರದ ಓದುಗರು

ಉತ್ತರ: ಡ್ಯಾಂಪರ್ ಹಾಕಿದರೆ ನಡುಕ ಮುಚ್ಚುತ್ತದೆ, ಕಾರಣ ಹಾಗೇ ಉಳಿಯುತ್ತದೆ. ಮೊದಲು ಗಾಲಿ ಬ್ಯಾಲೆನ್ಸ್, ಗಾಳಿ ನೋಡಿ. ಆಮೇಲೆ ಕಿಂಗ್ ಪಿನ್ ಬೇರಿಂಗ್. ಟೈ ರಾಡ್ ಬಿಡಿಸಿ ಗಾಲಿಯನ್ನು ಕೈಯಿಂದ ತಿರುಗಿಸಿದರೆ ಸ್ವಲ್ಪ ಬಿಗಿ ಹತ್ತಬೇಕು. ಸರಾಗವಾಗಿ ತೂಗಾಡಿದರೆ ಬೇರಿಂಗ್ ಸಡಿಲ. ಮೇಲಿನ, ಕೆಳಗಿನ ಮುಚ್ಚಳದ ಶಿಮ್ ಕಡಿಮೆ ಮಾಡಿ ಬಿಗಿ ತರಬೇಕು. ಹಳೆ ಮಾದರಿ ಆದರೆ ಸ್ಟೇರಿಂಗ್ ತಿರುವನ್ನು ಎರಡೂ ಟೈ ರಾಡಿಗೆ ಹಂಚುವ, ನಡುವಿನ ಬೆಲ್ ಕ್ರ್ಯಾಂಕ್ ಕೂಡ ಸವೆದಿರುತ್ತದೆ. ಕ್ಯಾಸ್ಟರ್ 3 ಡಿಗ್ರಿ ಇರಬೇಕು, ಅಂದರೆ ಕಿಂಗ್ ಪಿನ್ನಿನ ಮೇಲ್ತುದಿ ಅಷ್ಟು ಹಿಂದಕ್ಕೆ ವಾಲಿರಬೇಕು. ಹೊಲದ ಹೊರೆಗೆ ಕಮಾನು ಪಟ್ಟಿ ಜಗ್ಗಿದ್ದರೆ ಈ ಅಳತೆ ಕೆಡುತ್ತದೆ.

ಬಿಚ್ಚುವಾಗ ಒಂದು ಕೆಲಸ ಮಾಡಿ. ಎಡಗಡೆಯ ಮೇಲಿನ ಶಿಮ್, ಕೆಳಗಿನ ಶಿಮ್, ಬಲಗಡೆಯವು, ಹೀಗೆ ನಾಲ್ಕು ಪೊಟ್ಟಣ ಮಾಡಿ ಮೇಲೆ ಹೆಸರು ಬರೆದು ಇಡಿ. ಎಲ್ಲ ಒಂದೇ ಡಬ್ಬಿಗೆ ಹಾಕಿ ತಂದರೆ ಯಾವುದು ಎಲ್ಲಿಯದು ಅಂತ ಹುಡುಕುವುದರಲ್ಲೇ ಒಂದು ದಿನ ಹೋಗುತ್ತದೆ.